ಮರ್ಟಲ್ ಚಿಕ್ಕಮ್ಮನ ಮೇಲೆ ಒಬ್ಬನೇ

ಮೋಆಬ್ ಊರಿನಿಂದ ನದಿ ದಂಡೆಯ ರಸ್ತೆ ಹಿಡಿದು ಹೋದರೆ, ಮರುಭೂಮಿಯ ಕೆಂಪು ಕಲ್ಲಿನ ಗೋಪುರಗಳ ನಡುವೆ ಒಂದು ಮಾತ್ರ ಸೊಂಟ ಓರೆ ಮಾಡಿಕೊಂಡು ನಿಂತಿದೆ. ಮೊದಲು ಹತ್ತಿದವರಿಗೇ ಹೆಸರಿಡುವ ಹಕ್ಕು. ಥೇನ್ ಮತ್ತು ಲವಾರ್ ಹುಡುಗಾಟದ ವಯಸ್ಸಿನಲ್ಲಿ ಅದರ ನೆತ್ತಿ ಮುಟ್ಟಿದಾಗ ಥೇನ್ ಏನೋ ಗಂಭೀರವಾದ ಹೆಸರು ಹುಡುಕುತ್ತಿದ್ದ. ಲವಾರ್ ಬಿಡಲಿಲ್ಲ. ಬಾಗಿಲಿಗೆ ಒರಗಿ ನಿಂತು ಬೀದಿಯವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ ತನ್ನ ಮರ್ಟಲ್ ಚಿಕ್ಕಮ್ಮನ ಹೆಸರನ್ನೇ ಇಟ್ಟ. ಆಮೇಲೆ ಬಂಡೆ ಹತ್ತುವವರ ಬಾಯಲ್ಲೆಲ್ಲ ಅದು ಮರ್ಟಲ್ ಚಿಕ್ಕಮ್ಮನೇ ಆಯಿತು. ಪಾಪ, ಆ ಹೆಂಗಸು ಜೀವಮಾನದಲ್ಲಿ ಒಂದು ಏಣಿ ಕೂಡ ಹತ್ತಿದವಳಲ್ಲ.

ಈ ಚಿಕ್ಕಮ್ಮನ ಮೇಲೆ ಟಿ.ವಿ. ಜಾಹೀರಾತು ತೆಗೆಯಬೇಕೆಂದು ಲಾಸ್ ಏಂಜಲೀಸಿನಿಂದ ಒಂದು ತಂಡ ಬಂತು. ಮಾರಬೇಕಾಗಿದ್ದದ್ದು ಗಂಡಸರು ಗಡ್ಡ ಹೆರೆದ ಮೇಲೆ ಕೆನ್ನೆಗೆ ಬಳಿದುಕೊಳ್ಳುವ ಪರಿಮಳದ ನೀರು. ಒಬ್ಬ ಗಂಡಸು ಒಬ್ಬನೇ ಗೋಪುರ ಹತ್ತುತ್ತಾನೆ, ನೆತ್ತಿಯ ಮೇಲೆ ನಿಂತು ಗಾಳಿಗೆ ಮುಖ ಒಡ್ಡುತ್ತಾನೆ, ಆಗ ದಪ್ಪ ದನಿಯೊಂದು ‘ಅವನಿಗೆ ಯಾರೂ ಬೇಕಿಲ್ಲ’ ಎನ್ನುತ್ತದೆ. ಇಷ್ಟೇ ಕತೆ. ಮುಖ ಒಡ್ಡಲು ಒಬ್ಬ ಚೆಲುವನಿದ್ದ, ಅವನನ್ನು ಹೆಲಿಕಾಪ್ಟರಿನಲ್ಲಿ ತಂದು ಇಳಿಸುವುದು. ಹತ್ತಬೇಕಾದವನು ಥೇನ್. ವಯಸ್ಸು ಐವತ್ತು ದಾಟಿದ್ದರೂ ಹಿಂದಿನಿಂದ ನೋಡಿದರೆ ಮೂವತ್ತು ಅನ್ನಬಹುದಿತ್ತು. ಬೋಳು ತಲೆ ಮುಚ್ಚಲು ವಿಗ್ಗು ತಂದಿದ್ದರು.

ಜಾಹೀರಾತಿಗಾಗಿ ಬಂಡೆ ಹತ್ತುವುದು, ಕ್ಯಾಮೆರಾದವರಿಗೆ ಹಗ್ಗ ಕಟ್ಟಿಕೊಡುವುದು ಎಷ್ಟೋ ವರ್ಷಗಳಿಂದ ಅವನ ಹೊಟ್ಟೆಪಾಡು. ಕೆಲಸಕ್ಕೆ ಒಪ್ಪಿಕೊಂಡ. ಆದರೆ ಹಗ್ಗ ಸಿಕ್ಕಿಸಲು ಕಲ್ಲು ಕೊರೆದು ಬೋಲ್ಟು ಹೊಡೆಯಬೇಕು ಅಂದಾಗ ಮಾತ್ರ, ತಡೀರಿ, ಇನ್ನೊಬ್ಬನನ್ನು ಕೇಳಬೇಕು ಅಂದ. ಮೊದಲು ಹತ್ತಿದವರು ಬದುಕಿರುವಾಗ ಅವರನ್ನು ಕೇಳದೆ ಅವರ ದಾರಿಯಲ್ಲಿ ಒಂದು ಹೊಸ ಬೋಲ್ಟೂ ಇಡುವ ಹಾಗಿಲ್ಲ. ಇದು ಕಾನೂನಾ ಎಂದು ನಿರ್ದೇಶಕಿ ಕೊರಿನ್ ಕೇಳಿದಳು. ಕಾನೂನಲ್ಲ, ಆದರೆ ಕೇಳದೆ ಹೊಡೆದರೆ ಮೋಆಬಿನಲ್ಲಿ ನಿಮ್ಮ ಹಗ್ಗದ ಮೂಟೆ ಹೊರಲು ಒಬ್ಬನೂ ಸಿಗುವುದಿಲ್ಲ ಅಂದ.

ಹೇಳಿದ್ದು ನಿಜವೇ. ಆದರೆ ಅದು ಅರ್ಧ ನಿಜ. ಲವಾರನಿಗೆ ಫೋನು ಮಾಡಲು ಅವನಿಗೊಂದು ನೆಪ ಬೇಕಾಗಿತ್ತು.

ಅವರಿಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಲವಾರ್ ಮೂರನೆಯ ಮದುವೆ ಮಾಡಿಕೊಂಡು ದಕ್ಷಿಣದ ಸೇಂಟ್ ಜಾರ್ಜ್ ಊರಿಗೆ ಹೋಗಿ ಏರ್ ಕೂಲರ್ ಮಾರುವ ಅಂಗಡಿ ಇಟ್ಟ. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆಯಾಯಿತು, ಆಮೇಲೆ ಕ್ರಿಸ್‌ಮಸ್ಸಿಗೊಂದು ಕಾರ್ಡು, ಕೊನೆಗೆ ಅದೂ ನಿಂತಿತು. ಥೇನ್ ಬೇರೆಯವರ ಜೊತೆ ಹತ್ತಿ ನೋಡಿದ. ಬಿದ್ದರೆ ತಡೆಯುವ ಹಗ್ಗವನ್ನು ಅವರು ಕೆಳಗೆ ಸರಿಯಾಗಿಯೇ ಹಿಡಿಯುತ್ತಿದ್ದರು, ಬೈಯುತ್ತಿರಲಿಲ್ಲ. ಲವಾರ್ ಕೆಳಗೆ ನಿಂತು ಹಗ್ಗ ಹಿಡಿದನೆಂದರೆ ಇವನ ಪಾದ ಎಲ್ಲಿ ಬೀಳಬೇಕು ಅನ್ನುವುದರಿಂದ ಹಿಡಿದು ಇವನ ವಂಶದವರೆಗೆ ಬೈಗುಳ ಬರುತ್ತಿತ್ತು. ಆ ಬೈಗುಳ ಕೇಳಿ ಥೇನನಿಗೆ ಬಹಳ ಕಾಲವಾಗಿತ್ತು. ಒಂದೇ ಒಂದು ಸಲ ಲವಾರ್ ಬಂದು ಹಗ್ಗದ ಇನ್ನೊಂದು ತುದಿ ಹಿಡಿಯಬೇಕು. ಅಷ್ಟೇ ಅವನ ಆಸೆ.

ಅವನ ಲೆಕ್ಕಾಚಾರ ಹೀಗಿತ್ತು. ಬೋಲ್ಟು ಎಂದರೆ ಲವಾರನಿಗೆ ಮೈಯೆಲ್ಲ ಉರಿ. ಯಾರೋ ಕೊಲೊರಾಡೊದವರು ಚಿಕ್ಕಮ್ಮನ ಬೆನ್ನಿಗೆ ಹೊಡೆದಿದ್ದ ಬೋಲ್ಟನ್ನು ಹಬ್ಬದ ದಿನವೇ ಹೋಗಿ ಸುತ್ತಿಗೆಯಿಂದ ಚಚ್ಚಿ ಕಿತ್ತು ಬಂದವನು. ಜಾಹೀರಾತಿಗೆ ಬೋಲ್ಟು ಅಂದರೆ ಸುಮ್ಮನಿರುವನೇ? ಕೂಗಾಡುತ್ತಾನೆ, ಟ್ರಕ್ಕು ಹತ್ತಿ ಬಂದೇ ಬರುತ್ತಾನೆ. ಬೇಡ ಅನ್ನಿಸಿಕೊಳ್ಳುವುದಕ್ಕಾಗಿಯೇ ಥೇನ್ ಅಪ್ಪಣೆ ಕೇಳಿದ.

ಫೋನಿನಲ್ಲಿ ಎಲ್ಲವನ್ನೂ ಒಂದಿಷ್ಟು ಮಸಾಲೆ ಹಾಕಿಯೇ ಹೇಳಿದ. ಹೆಲಿಕಾಪ್ಟರು, ಚೆಲುವ, ಪರಿಮಳದ ನೀರು, ಸಾಲುಗಟ್ಟಿ ಬೋಲ್ಟುಗಳು. ಹತ್ತುವವನು ತಾನೇ ಅನ್ನುವುದೊಂದು ಆ ಭರಾಟೆಯಲ್ಲಿ ಬಿಟ್ಟುಹೋಯಿತು. ಆ ಕಡೆ ಅಂಗಡಿಯ ಗಂಟೆ ಸದ್ದಾಯಿತು, ಯಾರೋ ಗಿರಾಕಿ ಬಂದಿರಬೇಕು.

“ಹಾಕ್ಕೊಳೋ ಮಾರಾಯ, ಎಷ್ಟ್ ಬೇಕೋ ಅಷ್ಟ್ ಹಾಕ್ಕೊ,” ಅಂದ ಲವಾರ್. “ಕಲ್ಲೇನ್ ನಮ್ಮಪ್ಪಂದಾ?”

“ನೀನೂ ಬಾರೋ. ಹಗ್ಗ ಹಿಡಿಯೋಕೆ ಒಬ್ರು ಬೇಕು.”

“ನನ್ ಮಂಡಿ ನೋಡಿದ್ರೆ ಹಂಗನ್ನಲ್ಲ ನೀನು. ನೋಡೋಣ, ಆದ್ರೆ ಬರ್ತೀನಿ.”

ಆ ‘ನೋಡೋಣ’ ಒಂದನ್ನು ಥೇನ್ ಗಟ್ಟಿಯಾಗಿ ಹಿಡಿದುಕೊಂಡ. ಮರುದಿನ ಮಳೆ ಬಂತು. ಮಳೆ ಬಿದ್ದರೆ ಅಲ್ಲಿನ ಮರಳುಗಲ್ಲು ಚಹಾದಲ್ಲಿ ಅದ್ದಿದ ಬಿಸ್ಕತ್ತು, ಹಿಡಿದದ್ದು ಕೈಗೇ ಬರುತ್ತದೆ. ಒಣಗುವ ತನಕ ಯಾರೂ ಮುಟ್ಟುವುದಿಲ್ಲ. ಕೊರಿನ್ ಮೋಟೆಲಿನಲ್ಲಿ ಹಲ್ಲು ಕಡಿಯುತ್ತ ಕೂತಳು. ಥೇನ್ ಒಳಗೊಳಗೇ ಖುಷಿಪಟ್ಟ. ಲವಾರನಿಗೆ ಹೊರಟುಬರಲು ಒಂದಷ್ಟು ದಿನ ಸಿಕ್ಕಿತಲ್ಲ.

ಕಲ್ಲು ಒಣಗಿದ ಮೇಲೆ ಹಳೆಯ ಸರಳಿಗೆ ಸುತ್ತಿಗೆ ಬಡಿಯುತ್ತ ಕೈಯಿಂದಲೇ ತೂತು ಕೊರೆದ. ಒಂದು ಪೆಟ್ಟು, ಸರಳಿಗೊಂದು ತಿರುವು, ಮತ್ತೊಂದು ಪೆಟ್ಟು. ಎಷ್ಟು ಜೋಪಾನದ ಮನುಷ್ಯ ಎಂದು ತಂಡದವರು ಮಾತಾಡಿಕೊಂಡರು. ಜೋಪಾನವೂ ಇಲ್ಲ ಏನೂ ಇಲ್ಲ, ಅವನ ಕಣ್ಣು ರಸ್ತೆಯ ಮೇಲಿತ್ತು. ಒಮ್ಮೆ ಧೂಳೆದ್ದಿತು. ಸುತ್ತಿಗೆ ನಿಲ್ಲಿಸಿ ನೋಡಿದ. ಬಂದದ್ದು ತಂಡದ ಊಟದ ಗಾಡಿ. ಕೆಲಸ ಮುಗಿಯುವ ತನಕ ಇನ್ಯಾವ ಗಾಡಿಯೂ ಬರಲಿಲ್ಲ. ಹಗ್ಗ ಹಿಡಿಯುವವರು ಯಾರು ಎಂದು ಥೇನ್ ಕೇಳಿದ್ದಕ್ಕೆ, ಒಬ್ಬನೇ ಹತ್ತುವ ಗಂಡಸಿನ ಜೊತೆ ಇನ್ನೊಬ್ಬ ಕಾಣಿಸಿದರೆ ಕತೆಯೇ ಕೆಟ್ಟಿತು ಎಂದಳು ಕೊರಿನ್. ದೂರಕ್ಕೆ ಅಷ್ಟಾಗಿ ಕಾಣದ ಸಪೂರ ಹಗ್ಗವೊಂದನ್ನು ಮೇಲಿನ ಬೋಲ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಥೇನನ ಸೊಂಟಕ್ಕೆ ಬಿಗಿದರು.

ಚಿತ್ರೀಕರಣದ ಬೆಳಿಗ್ಗೆ ವಿಗ್ಗು ಹಾಕಿಕೊಂಡು ಹತ್ತಿದ. ಹೆಲಿಕಾಪ್ಟರು ಸುತ್ತುತ್ತಿತ್ತು. ಆ ಸದ್ದಿನಲ್ಲಿ ಯಾರಾದರೂ ಬೈದಿದ್ದರೂ ಕೇಳುತ್ತಿರಲಿಲ್ಲ. ಬೈಯುವವರೇ ಇರಲಿಲ್ಲ, ಅದು ಬೇರೆ ಮಾತು. ಚಿಕ್ಕಮ್ಮನ ಸೊಂಟದ ಹತ್ತಿರ ಬಿರುಕು ಅಗಲವಾಗುವ ಕಡೆ ನಿಂತ. ಆ ಜಾಗವನ್ನು ದಾಟುವ ಉಪಾಯ ಲವಾರನದು. ಎಡ ಮಂಡಿಯನ್ನು ಬಿರುಕಿಗೆ ತುರುಕಿ ಬಿಗಿ ಮಾಡಿ, ಎರಡೂ ಕೈ ಬಿಟ್ಟು ಹಿಂದಕ್ಕೆ ಜೋತು, ನೋಡದೆಯೇ ಬಲಗೈಯನ್ನು ಅಂಚಿನಾಚೆ ಹಾಕಿ ಹಿಡಿ ಹುಡುಕುವುದು. ಚಿಕ್ಕಮ್ಮನ ಡಬ್ಬಿಯಿಂದ ಬಿಸ್ಕತ್ತು ಕದಿಯೋದು ಎಂದು ಇಬ್ಬರೂ ನಗುತ್ತಿದ್ದರು. ಈಗ ಪಕ್ಕದಲ್ಲೇ ಬೋಲ್ಟಿತ್ತು, ಅದನ್ನು ಹಿಡಿದೇ ಏರಬಹುದಿತ್ತು. ಆದರೆ ಇದನ್ನು ಲವಾರ್ ಒಂದು ದಿನ ಟಿ.ವಿ.ಯಲ್ಲಿ ನೋಡುತ್ತಾನೆ ಅನ್ನುವುದು ಥೇನನಿಗೆ ಹೊಳೆಯಿತು. ಬೇಕೆಂದೇ ಮಂಡಿ ತುರುಕಿದ, ಕೈ ಬಿಟ್ಟ, ಜೋತ. ದೂರದಲ್ಲಿರುವ ಸ್ನೇಹಿತನಿಗೆ ಬೇರೆ ಹೇಗೆ ಹೇಳುವುದು, ಬಂದುಬಿಡೋ ಎಂದು? ಹಿಡಿ ಸಿಕ್ಕಿತು. ರೇಡಿಯೋದಲ್ಲಿ ಕೊರಿನ್ ಸಂತೋಷದಿಂದ ಕಿರುಚಿ, ಮತ್ತೆ ಮತ್ತೆ ಮಾಡಿಸಿದಳು. ಮಂಡಿಯಿಂದ ರಕ್ತ ಬರುವ ತನಕ ಮಾಡಿದ.

ಚಳಿಗಾಲದಲ್ಲಿ ಜಾಹೀರಾತು ಬಂತು. ಅದೇ ವಾರ ಥೇನನ ಟ್ರೇಲರ್ ಮನೆಯ ಫೋನು ರಿಂಗಾಯಿತು.

“ಲೋ, ಟಿ.ವಿ.ಲಿ ಚಿಕ್ಕಮ್ಮನ್ನ ನೋಡಿದ್ಯೇನೋ?” ಲವಾರನ ದನಿಯಲ್ಲಿ ಹಳೆಯ ಕಾವಿತ್ತು. “ನನ್ ಬಿಸ್ಕತ್ ಕದ್ಬಿಟ್ಟ ಕಣೋ ಆ ಹುಡುಗ! ಅದೇ ಮಂಡಿ, ಅದೇ ಕೈ. ಯಾರೋ ಅವ್ನು? ಯಾರು ಹೇಳ್ಕೊಟ್ರು ಅವ್ನಿಗೆ?”

ನಾನೇ ಕಣೋ ಅನ್ನುವುದು ಥೇನನ ನಾಲಿಗೆಯ ತುದಿಯಲ್ಲಿತ್ತು. ಕೆಳಗೆ ನಿಂತು ಇಪ್ಪತ್ತು ವರ್ಷ ಇದೇ ಬೆನ್ನನ್ನು ನೋಡಿದವನು ಲವಾರ್. ವಿಗ್ಗು ಹಾಕಿದರೇನು, ಬೆನ್ನು ಬದಲಾಗುತ್ತದೆಯೇ? ಹೇಳಿ ಗುರುತು ಹಿಡಿಸಿಕೊಳ್ಳುವುದು ಭಿಕ್ಷೆ ಎತ್ತಿದ ಹಾಗೆ ಅನ್ನಿಸಿತು.

“ಯಾರೋ ಕ್ಯಾಲಿಫೋರ್ನಿಯಾದವ್ನು,” ಅಂದ.

“ಚೆನ್ನಾಗ್ ಹತ್ತಾನೆ ಬಡ್ಡಿಮಗ. ನಿನ್ಗಿಂತ ವಾಸಿ,” ಎಂದು ಲವಾರ್ ನಕ್ಕ. ಆಮೇಲೆ ಆ ಹುಡುಗನ ಪಾದ, ಅವನ ಅವಸರ, ಅವನ ವಂಶ ಎಲ್ಲವನ್ನೂ ಒಂದೊಂದಾಗಿ ಎತ್ತಿ ಬೈದ. ಥೇನ್ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳಿದ. ಬೈಗುಳವೆಲ್ಲ ತನಗೇ ಬರಬೇಕಾದದ್ದು, ಬರುತ್ತಲೂ ಇತ್ತು, ಆದರೆ ಬೇರೆಯವನ ಹೆಸರಿನಲ್ಲಿ.

“ಹಗ್ಗ ಹಿಡಿದೋನ್ ಮಾತ್ರ ಕತ್ತೆ,” ಅಂದ ಲವಾರ್ ಕೊನೆಗೆ. “ಅಷ್ಟ್ ಸಡಿಲ ಬಿಡ್ತಾರೇನೋ? ಯಾರ್ ಹಿಡ್ದಿದ್ರು?”

“ಯಾರೂ ಹಿಡ್ದಿರ್ಲಿಲ್ಲ ಕಣೋ,” ಅಂದ ಥೇನ್.

ಆ ಕಡೆ ಲವಾರನ ಹೆಂಡತಿ ಊಟಕ್ಕೆ ಕರೆದದ್ದು ಕೇಳಿಸಿತು. ಬಂದೆ ಎಂದು ಅವಳಿಗೆ ಹೇಳಿ ಅವನು ಫೋನಿಟ್ಟ.