ಮಾವನ ಎದುರು ಮರ್ಯಾದೆಯ ಪಾಠ

"ಅಲ್ಯಾಕ ನಿಂತೀರಿ ಯಜಮಾನ್ರ, ಒಳಗ ಬರ್ರಿ, ಮುಂದ ಕೂಡ್ರಿ," ಎಂದು ಪ್ರಿನ್ಸಿಪಾಲ್ ಮಹಾರುದ್ರಪ್ಪನವರು ಬಾಗಿಲಲ್ಲಿದ್ದ ಬಸವಣಪ್ಪನನ್ನು ಕೈಹಿಡಿದೇ ಕರೆತಂದರು. ಮೊದಲ ಬೆಂಚಿನ ಪಕ್ಕಕ್ಕೆ ಕುರ್ಚಿ ಹಾಕಿಸಿದರು. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ ರಾಜೇಶ್ವರಿ ತಟ್ಟನೆ ತಲೆಯ ಮೇಲೆ ಸೆರಗೆಳೆದುಕೊಂಡಳು. ಅಯ್ಯೋ, ಮಾವ! ಇನ್ನು ಮುಗಿಯಿತು ಕಥೆ.

ಮೋರಖಂಡಿ ಹಳ್ಳಿಯ ಅವರ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ಬಾಯಿ ತೆರೆಯುವುದಿಲ್ಲ. ಈಕೆಯ ದನಿ ಹೇಗಿದೆ ಎಂಬುದೇ ಬಸವಣಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಊಟಕ್ಕೆ ಏಳಿ ಎನ್ನಬೇಕಿದ್ದರೂ ಈಕೆ ಅತ್ತೆ ರುಕ್ಮಿಣಿಬಾಯಿಗೆ ಹೇಳಬೇಕು, ಅತ್ತೆ ಮಾವನಿಗೆ ಹೇಳಬೇಕು. ಮಾವನೂ ಅಷ್ಟೇ: "ಆಕಿಗಿ ಹೇಳು, ಚಾದಾಗ ಸಕ್ರಿ ಕಮ್ಮಿ ಆಗ್ಯಾದ." ಆಕೆ ಅಲ್ಲೇ, ಎದುರಿಗೇ ನಿಂತಿರುತ್ತಿದ್ದಳು! ಇದಕ್ಕೆ ಆ ಮನೆಯಲ್ಲಿ ಮರ್ಯಾದೆ ಎನ್ನುತ್ತಾರೆ.

ರಾಜೇಶ್ವರಿ ಕನ್ನಡ ಎಂ.ಎ. ಮಾಡಿದವಳು. ಹುಮನಾಬಾದಿನ ಈ ಖಾಸಗಿ ಕಾಲೇಜಿನಲ್ಲಿ ಕೆಲಸವಿದೆ ಎಂದಾಗ ಗಂಡ ಧನರಾಜ ಹೂಂ ಎಂದ, ಅತ್ತೆ ಗೊಣಗುತ್ತಲೇ ಹೂಂ ಎಂದಳು. ಮಾವ ಮಾತ್ರ ಅತ್ತೆಯ ಕೈಯಲ್ಲಿ ಹೇಳಿ ಕಳಿಸಿದ್ದ: "ನಾನ ಖುದ್ದು ಆಕಿ ಸಂಗಾಟ ಹೋಗ್ತೀನಿ. ಮನಿ ಮರ್ಯಾದಿ ಉಳೀತದಂದ್ರ ಕೆಲಸ, ಇಲ್ಲಂದ್ರ ಇಲ್ಲ." ಬೆಳಿಗ್ಗೆ ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಇಬ್ಬರೂ ಬಂದಿದ್ದರು, ಬೇರೆ ಬೇರೆ ಸೀಟಿನಲ್ಲಿ, ಒಂದೂ ಮಾತಿಲ್ಲದೆ. ಮಾವ ಹೊರಗೆ ಮರದ ಕೆಳಗೆ ಕೂತಾನು, ತಾನು ಒಳಗೆ ಪಾಠ ಹೇಳಿ ಬಂದೇನು ಎಂದುಕೊಂಡಿದ್ದಳು. ಈಗ ನೋಡಿದರೆ, ಮಾತಾಡದಿದ್ದರೆ ಪ್ರಿನ್ಸಿಪಾಲರು ಕೆಲಸ ಕೊಡುವುದಿಲ್ಲ; ಮಾತಾಡಿದರೆ ಮಾವ ಕೆಲಸಕ್ಕೆ ಕಳಿಸುವುದಿಲ್ಲ. ಎತ್ತ ಹೋದರೂ ದಾರಿಯಿಲ್ಲ.

ತರಗತಿಯಲ್ಲಿ ಯಾವುದಾದರೂ ಒಂದು ಪದದ ಹುಟ್ಟು, ಅರ್ಥ ಪಾಠ ಮಾಡಿ ತೋರಿಸಬೇಕೆಂಬುದು ಕೆಲಸಕ್ಕೆ ಇಟ್ಟ ಪರೀಕ್ಷೆ. ಹಟಕ್ಕೆ ಬಿದ್ದವಳಂತೆ ಆಕೆ ಆರಿಸಿಕೊಂಡದ್ದು ಮರ್ಯಾದೆ ಎಂಬ ಪದವನ್ನೇ. ಕೊಟ್ಟಿಗೆಯಲ್ಲಿ ಎಮ್ಮೆಗಳ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. ಬೋರ್ಡಿನ ಮೇಲೆ ಬರೆದದ್ದೇನೋ ಆಯಿತು. ತಿರುಗಿದಳು. ತುಟಿ ತೆರೆಯಿತು, ದನಿ ಹೊರಡಲಿಲ್ಲ.

"ಅಂಜಬ್ಯಾಡ್ರಿ, ಶುರು ಮಾಡ್ರಿ," ಎಂದರು ಪ್ರಿನ್ಸಿಪಾಲರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರಾಜೇಶ್ವರಿಗೆ ಅಳುವೇ ಬಂದಂತಾಯಿತು.

ಬಸವಣಪ್ಪ ಎದ್ದ. "ನಾ ಹೊರಗಿರ್ತೀನ್ರಿ."

"ಛೇ ಛೇ, ಹಿರೇರು ಹೊರಗ ಕೂಡೋದಂದ್ರ ನಮಗ ಶೋಭಾ ಅಲ್ರಿ. ಕೂಡ್ರಿ, ಕೂಡ್ರಿ!"

ಹಾಗೆ ಕರೆದು ಕೂರಿಸಿದವರ ಮಾತು ತೆಗೆದುಹಾಕಿ ಹೋಗುವುದೂ ಬಸವಣಪ್ಪನಂಥವರಿಗೆ ಆಗದ ಕೆಲಸ. ಮುದುಕ ತಬ್ಬಿಬ್ಬಾಗಿ ಅತ್ತಿತ್ತ ನೋಡಿದ. ಆಮೇಲೆ ಕುರ್ಚಿ ಎತ್ತಿ, ಗೋಡೆಗೆ ಮುಖಮಾಡಿ ಇಟ್ಟು, ಎಲ್ಲರಿಗೂ ಬೆನ್ನು ಕೊಟ್ಟು ಕೂತುಬಿಟ್ಟ. ಇಡೀ ತರಗತಿ ಗೊಳ್ಳೆಂದಿತು. ಊರಿನಲ್ಲಿ ಎದುರು ನಿಂತು ಮಾತಾಡಲು ಜನ ಹಿಂಜರಿಯುವ ಮನುಷ್ಯ ಇಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗನ ಹಾಗೆ ಕೂತಿದ್ದ. ರಾಜೇಶ್ವರಿಗೆ ಪಾಪ ಎನಿಸಿತು, ಅದರ ಜೊತೆಗೇ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ದನಿ ಹೊರಟಿತು.

"ಮರ್ಯಾದೆ ಸಂಸ್ಕೃತದಿಂದ ಬಂದ ಪದ. ಅದರ ಮೊದಲಿನ ಅರ್ಥ ಎಲ್ಲೆ, ಗಡಿ. ಸಮುದ್ರಕ್ಕೆ ದಡವೇ ಮರ್ಯಾದೆ, ಹೊಲಕ್ಕೆ ಬದುವೇ ಮರ್ಯಾದೆ. ಆಮೇಲೆ ಮನುಷ್ಯರ ನಡತೆಗೂ ಎಲ್ಲೆ ಹಾಕಿದರು. ತಗ್ಗಿ ನಡೆಯುವುದು, ದನಿ ಎತ್ತದಿರುವುದು ಮರ್ಯಾದೆ ಅನಿಸಿಕೊಂಡಿತು..." ಹೇಳುತ್ತ ಹೇಳುತ್ತ ನಾಲಿಗೆ ಹಗುರಾಯಿತು. ಕೊಟ್ಟಿಗೆಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಬರುತ್ತಿತ್ತು.

"ಮೇಡಂ," ಎಂದು ಧನಶ್ರೀ ಎಂಬ ಹುಡುಗಿ ಎದ್ದಳು. "ಹೊಲದ ಬದು ಹಾಕಿದೋರು ಯಾರಂತ ಗೊತ್ತಿರ್ತದ. ಈ ಎಲ್ಲೆ ಯಾರು ಹಾಕ್ಯಾರ್ರಿ?"

ಎಮ್ಮೆಗಳು ಈ ಪ್ರಶ್ನೆ ಕೇಳಿರಲಿಲ್ಲ. ರಾಜೇಶ್ವರಿ ಆ ಬೆನ್ನನ್ನು ನೋಡಿದಳು. ಆದದ್ದಾಗಲಿ, ಹೋದರೆ ಕೆಲಸ ಹೋಗಲಿ ಎನಿಸಿತು.

"ನಂಗೂ ಗೊತ್ತಿಲ್ಲ," ಎಂದಳು. "ಮಾವಾರ, ನೀವ ಹೇಳ್ರಿ."

ಬೆನ್ನು ಅಲುಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಒಂದು ಕೈ ಬಿಗಿಯಾಗಿ ಹಿಡಿಯಿತು, ಸಡಿಲಬಿಟ್ಟಿತು, ಮತ್ತೆ ಹಿಡಿಯಿತು. ಕೊನೆಗೆ ಬಸವಣಪ್ಪ ಗೋಡೆಯನ್ನೇ ನೋಡುತ್ತ ಬಾಯಿಬಿಟ್ಟ.

"ಪ್ರಿನ್ಸಿಪಾಲ್ ಸಾಹೇಬ್ರ, ಮೇಡಮ್ಮರಿಗಿ ಹೇಳ್ರಿ. ಅದು ನಾ ಹಾಕಿದ್ದಲ್ಲ. ನಮ್ಮಪ್ಪನ ಕಾಲದಿಂದ ಹಂಗ ನಡ್ಕೊಂತ ಬಂದದ, ನಾನೂ ಯಾಕಂತ ಕೇಳಲಿಲ್ಲ. ಪಾಠ ಪೂರಾ ಮಾಡಂತ ಹೇಳ್ರಿ, ಬಸ್ಸಿಗಿ ಇನ್ನಾ ಟೈಮ್ ಅದ."

ಮಹಾರುದ್ರಪ್ಪನವರು ಪೆಚ್ಚುಪೆಚ್ಚಾಗಿ ಆಕೆಯ ಕಡೆ ತಿರುಗಿದರು. "ಪಾಠ ಪೂರಾ ಮಾಡಬೇಕಂತ್ರಿ."

"ಹೂಂ ಅಂತ ಹೇಳ್ರಿ," ಎಂದಳು ರಾಜೇಶ್ವರಿ.

ಪ್ರಿನ್ಸಿಪಾಲರು ಮತ್ತೆ ಗೋಡೆಯ ಕಡೆ ತಿರುಗಿದರು.