ಮುದ್ದೇಬಿಹಾಳ ಬ್ಯಾಡ್ರಿ

ನಮ್ಮಪ್ಪ ಕಾಳಪ್ಪ ಯಂಕಂಚಿಯ ದನದ ದಲಾಲಿ. ಸಂತೆಯಲ್ಲಿ ಹೆಗಲ ಮೇಲಿನ ವಲ್ಲಿಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆರಳಿನಲ್ಲೇ ಬೆಲೆ ಮಾತಾಡುವ ಮನುಷ್ಯ. ಮೊದಲು ಹೇಳಿದ್ದಕ್ಕೆ ಹ್ಞೂಂ ಅಂದವನು ಹುಚ್ಚ. ಎದ್ದು ಹತ್ತು ಹೆಜ್ಜೆ ನಡೆದರೆ ಎದುರಿನವರೇ ಹಿಂದಿನಿಂದ ಕರೆಯುತ್ತಾರೆ ಎಂಬುದು ಅವನ ವೇದ.

ಅಕ್ಕೋರಾಗಿ ಸಾಲಿಯಲ್ಲಿ ಕಲಿಸಬೇಕೆಂದು ನಾನು ಸಣ್ಣಾಕಿಯಿದ್ದಾಗಿಂದ ಹಟ ಹಿಡಿದಿದ್ದೆ. ತೊಂಬತ್ತೆಂಟನೆಯ ಇಸವಿಯಲ್ಲಿ ಶಿಕ್ಷಕರ ಟಿ.ಸಿ.ಎಚ್. ತರಬೇತಿಯ ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನನ್ನ ಅಂಕ ನೂರಕ್ಕೆ ಎಪ್ಪತ್ತೊಂಬತ್ತು.

ವಿಜಾಪುರದ ಕಚೇರಿಯಲ್ಲಿ ಹೆಚ್ಚು ಅಂಕದವರನ್ನು ಮೊದಲು ಕರೆಯುತ್ತಿದ್ದರು. ನನ್ನ ಸರದಿ ಬರುವಷ್ಟರಲ್ಲಿ ನಮ್ಮೂರಿಗೆ ಹತ್ತಿರದ ಸಿಂದಗಿಯ ಸೀಟು ಮುಗಿದಿದ್ದವು.

"ಮುದ್ದೇಬಿಹಾಳ ಐತಿ. ತಗೋತೀರೇನು?" ಎಂದರು ಸಾಹೇಬರು.

ಅಪ್ಪ ವಲ್ಲಿ ತೆಗೆದು ಅವರ ಕೈ ಮೇಲೆ ಹಾಸಿ, ಒಳಗೆ ಬೆರಳು ಹಿಡಿದ. ಸಾಹೇಬರು ಗಾಬರಿಯಾಗಿ ಕೈ ಎಳೆದುಕೊಂಡರು.

"ಏನ್ ಮಾಡಾಕತ್ತೀರಿ?"

"ಸಿಂದಗಿ ಕೊಡ್ರಿ ಸಾಹೇಬ್ರ. ಮುದ್ದೇಬಿಹಾಳ ಬ್ಯಾಡ್ರಿ."

"ಹಂಗಾರ ಬ್ಯಾಡ ಅಂತ ಸಹಿ ಮಾಡಸ್ರಿ."

ನಾನು ಅಪ್ಪನ ಮುಖ ನೋಡಿದೆ. ಕಣ್ಣು ಹೊಡೆದ. ಸಹಿ ಮಾಡಿದೆ.

ಅಪ್ಪ ನಿಧಾನವಾಗಿ ನಡೆದ. ಹತ್ತು ಹೆಜ್ಜೆಯಾಯಿತು, ಬಾಗಿಲಾಯಿತು, ಹೊರಗಿನ ಬೇವಿನ ಮರವೂ ಆಯಿತು. ಒಳಗಿಂದ ಕರೆದದ್ದು ಮುಂದಿನ ಹುಡುಗಿಯ ಹೆಸರನ್ನು.

ಹದಿನೈದು ದಿನಕ್ಕೆ ಎರಡನೆಯ ಪಟ್ಟಿ ಬಂತು. ಯಾರೋ ಬಿಟ್ಟುಕೊಟ್ಟ ಸಿಂದಗಿಯ ಸೀಟು ದೇವಣಗಾಂವದ ದಾನೇಶ್ವರಿಗೆ ಸಿಕ್ಕಿತ್ತು, ಎಪ್ಪತ್ತಾರಕ್ಕೆ. ನನ್ನ ಹೆಸರೇ ಇರಲಿಲ್ಲ.

"ಎಪ್ಪತ್ತಾರು ದೊಡ್ಡದೋ, ಎಪ್ಪತ್ತೊಂಬತ್ತೋ?" ಅಪ್ಪ ಗುಮಾಸ್ತನನ್ನು ಕೇಳಿದ.

"ಎಪ್ಪತ್ತೊಂಬತ್ತರಿ. ಆದ್ರ ಬ್ಯಾಡ ಅಂದವರ ಹೆಸರು ಹೊಡದ ಹಾಕ್ತೇವಿ."

"ನಾ ಬ್ಯಾಡ ಅಂದದ್ದು ಮುದ್ದೇಬಿಹಾಳಕ್ಕರಿ, ಕಲಿಯೂದಕ್ಕಲ್ಲ."

ಗುಮಾಸ್ತ ಮುಂದಿನವರನ್ನು ಕರೆದ. ನನಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಸಹಿ ಮಾಡಿದ ನನ್ನ ಕೈಯ ಮೇಲೂ.

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಪಟ್ಟಿ ನೋಡಲು ಹೊರಟಾಗ ಅಪ್ಪ ವಲ್ಲಿಯನ್ನು ಮನೆಯಲ್ಲೇ ಬಿಟ್ಟು ಬಂದ. ಎಲ್ಲಿ ಕೊಟ್ಟರೂ ಹ್ಞೂಂ ಅನ್ನೋಣ ಎಂದು ಬಸ್ಸಿನಲ್ಲಿ ಮೂರು ಸಲ ಹೇಳಿದ. ಈ ಸಲ ಎರಡನೆಯ ಪಟ್ಟಿಯೂ ಎಂಬತ್ತೊಂದು ಅಂಕದವರಿಗೇ ಮುಗಿದಿತ್ತು.

ಅಪ್ಪ ಪಟ್ಟಿ ಅಂಟಿಸಿದ್ದ ಹಲಗೆಯ ಮೇಲೆ ಬೆರಳಿಟ್ಟ.

"ಹೋದ ವರ್ಷದ ಮಾರ್ಕ್ಸ ಅದಾವಲ್ಲವಾ. ಆಗ ಸಾಕಾಗಿದ್ದೂವು, ಈಗ ಹೆಂಗ ಕಡಿಮಿ ಆದೂವು?"

ಅಲ್ಲಿಂದ ಹೊರಟೆವು. ಹತ್ತು ಹೆಜ್ಜೆ ನಡೆದ ಮೇಲೆ, ಇಬ್ಬರೂ ತಿರುಗಿ ನೋಡಿದೆವು.