ಅರವತ್ತೇಳನೇ ನಿಮಿಷ

ಕಂಬದ ಬಿರುಕಿಗೆ ಅಡ್ಡಲಾಗಿ ಬೆಳಿಗ್ಗೆ ರೆಫಿಕ್ ಬಳಿದಿದ್ದ ಗಾರೆಪಟ್ಟಿ, ಮೊದಲರ್ಧದ ಆಟ ಮುಗಿಯುವಷ್ಟರಲ್ಲಿ ಎರಡು ತುಂಡಾಗಿತ್ತು. ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು. ಬಿರುಕು ಸುಮ್ಮನೆ ಇಲ್ಲ, ಬೆಳೆಯುತ್ತಿದೆ ಎಂದು ಅದರ ಅರ್ಥ. ನೆತ್ತಿಯ ಮೇಲೆ ಗ್ಯಾಲರಿಯಲ್ಲಿ ಮೂರು ಸಾವಿರ ಜನ ಕಾಲು ಕುಟ್ಟುತ್ತಿದ್ದರು.

ಟರ್ಕಿಯ ಕಲ್ಲಿದ್ದಲು ಗಣಿಯೂರು ಕೊಮುರ್‌ದೆರೆಯ ಫುಟ್‌ಬಾಲ್ ಕ್ಲಬ್ಬಿನ ಮೈದಾನವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ಅವನೇ. ಬಿರುಕು ಕಂಡದ್ದು ಈ ಚಳಿಗಾಲದಲ್ಲಿ. ಮಾಮೂಲಿ ಆಟಕ್ಕೆ ಮುನ್ನೂರು ಜನ ಬಂದರೆ ಹೆಚ್ಚು, ಹಾಗಾಗಿ ಹೇಗೋ ನಡೆದಿತ್ತು. ಇವತ್ತು ಹಾಗಲ್ಲ. ಗೆದ್ದರೆ ಮೂವತ್ತು ವರ್ಷದ ಮೇಲೆ ಕ್ಲಬ್ಬು ಮತ್ತೆ ಮೂರನೇ ಲೀಗಿಗೆ ಹತ್ತುತ್ತದೆ. ಊರಿಗೆ ಊರೇ ಬಂದು ಕೂತಿತ್ತು.

ಕೂತಿದ್ದರೆ ಸರಿಯಿತ್ತು. ಅವರ ಜೊಂಗುಲ್ದಾಕ್ ಜಿಲ್ಲೆಯ ಗಾಡಿಗಳ ನಂಬರೆಲ್ಲ ಶುರುವಾಗುವುದು ಅರವತ್ತೇಳರಿಂದ. ಆಟದ ಗಡಿಯಾರ ಆ ಅಂಕಿ ಮುಟ್ಟಿತೆಂದರೆ ಇಡೀ ಗ್ಯಾಲರಿ ಎದ್ದು, ಭುಜಕ್ಕೆ ಭುಜ ಹೆಣೆದು, ಡೋಲಿನ ಪೆಟ್ಟಿಗೆ ಸರಿಯಾಗಿ ಒಂದು ನಿಮಿಷ ಕುಪ್ಪಳಿಸುತ್ತದೆ. ಮೂರು ಸಾವಿರ ಜನ, ಒಂದೇ ತಾಳ. ಆ ಕಂಬ ತಡೆಯುತ್ತದೆಯೇ?

ರೆಫಿಕ್ ಓಡಿ ಅಧ್ಯಕ್ಷ ನೆಜಾತ್ ಬೇಯ ಕೋಣೆಗೆ ನುಗ್ಗಿದ. ಗೋಡೆಯ ತುಂಬ ಕ್ಲಬ್ಬಿನ ಹಳೆಯ ಫೋಟೋಗಳು. ಇಸ್ತಾಂಬುಲಿನ ದೊಡ್ಡ ತಂಡವನ್ನು ಸೋಲಿಸಿದ ಎಪ್ಪತ್ತೊಂದರ ಹುಡುಗರು. ರಾತ್ರಿ ಪಾಳಿ ಮುಗಿಸಿ ಮುಖದ ಮಸಿಯನ್ನೂ ತೊಳೆಯದೆ ಗೋಲು ಕಾಯ್ದವನು. ಅದೇ ಹುಮ್ಮಸ್ಸಿನಲ್ಲಿ ಗಣಿಯವರು ತಾವೇ ಗ್ಯಾಲರಿ ಕಟ್ಟುತ್ತಿರುವುದು. ಬುಟ್ಟಿ ಹೊತ್ತ ಆ ಸಾಲಿನಲ್ಲಿ ರೆಫಿಕನ ಅಪ್ಪನೂ ಇದ್ದ.

"ನೆಜಾತ್ ಬೇ, ಜನಾನ ಇಳಿಸ್ಬೇಕು. ಕಂಬ ಬಿಡ್ತಾ ಇದೆ."

"ಒಂದು–ಸೊನ್ನೆ ಮುಂದಿದೀವಿ ಕಣಯ್ಯಾ! ನಿಂಗೆ ಈಗ್ಲೇ ಕಂಬ ನೆನಪಾಯ್ತಾ?"

"ಸಮುದ್ರದ ಮರಳು ಹಾಕಿ ಕಟ್ಟಿದಾರೆ. ಉಪ್ಪು ಒಳಗಿನ ಕಬ್ಬಿಣಾನೆಲ್ಲ ತಿಂದ್‌ಬಿಟ್ಟಿದೆ. ಜನವರೀಲೇ ಹೇಳಿದ್ದೆ."

"ಸರ್ಕಾರದ ಒಂದು ಕುರುಷ್ ಕಾಸನ್ನೂ ಮುಟ್ಟದೆ ನಮ್ಮಪ್ಪ, ನಿಮ್ಮಪ್ಪ ಬೆವರು ಸುರಿಸಿ ಕಟ್ಟಿದ್ದು ಅದು. ನಿಮ್ಮಪ್ಪನ ಕೆಲಸಕ್ಕೆ ನೀನೇ ಉಗೀತೀಯಲ್ಲೋ! ಜನ ಮೈದಾನಕ್ಕೆ ಇಳಿದ್ರೆ ಆಟ ನಿಲ್ಲುತ್ತೆ. ಮೂರು–ಸೊನ್ನೆ ಸೋಲು ಅಂತ ಬರೀತಾರೆ. ಆಮೇಲೆ ಈ ಊರಲ್ಲಿ ನಿಂಗೆ ಒಂದ್ ಲೋಟ ಚಹಾ ಕೊಡೋರೂ ಇರಲ್ಲ. ಹೋಗು, ಗೆರೆ ಎಳಿ."

ಹೊರಗೆ ಬಂದವನೇ ಮಗಳಿಗೆ ಫೋನು ಮಾಡಿದ. ನಿಲ್ಗುನ್ ಗ್ಯಾಲರಿಯ ನಡುವೆ ಕೂತಿದ್ದಳು. ಅಪ್ಪನಿಗೆ ಎದೆನೋವು ಎಂಬ ಸುಳ್ಳು ಕೇಳಿ ಓಡಿಬಂದಳು. ಅವಳನ್ನು ಗೇಟಿನ ಆಚೆ ದಾಟಿಸಿದ ಮೇಲಾದರೂ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಮೇಲೆ ಉಳಿದವರೂ ಯಾರದೋ ಮಕ್ಕಳೇ. ತನ್ನದೊಂದನ್ನು ಮಾತ್ರ ಎತ್ತಿಕೊಂಡು ಬಂದ ಕೈಯನ್ನು ನೋಡಿಕೊಳ್ಳಲು ಅವನಿಗೆ ನಾಚಿಕೆಯಾಯಿತು.

ಆ ಜನ ಕೇಳುವುದು ಒಬ್ಬನ ಮಾತನ್ನು ಮಾತ್ರ. ಅವನು ದುರ್ಮುಷ್, ಘೋಷಣೆಗಳ ಯಜಮಾನ. ಇಪ್ಪತ್ತಾರು ವರ್ಷ ಗಣಿಯಲ್ಲಿ ದುಡಿದ ಮುದುಕ, ಊರಿಗೆಲ್ಲ ‘ಅಬಿ’, ಅಂದರೆ ಅಣ್ಣ. ಮೈದಾನಕ್ಕೆ ಬೆನ್ನು ಹಾಕಿ, ಪೀಪಾಯಿಯ ಮೇಲೆ ನಿಂತು ಜನರನ್ನು ಕುಣಿಸುವುದೇ ಅವನ ಕೆಲಸ. ಮೂವತ್ತು ವರ್ಷದಲ್ಲಿ ಒಂದು ಗೋಲನ್ನೂ ಕಣ್ಣಾರೆ ನೋಡಿದವನಲ್ಲ. ರೆಫಿಕ್ ಅವನ ಬಳಿ ತಲುಪಿದಾಗ ಐವತ್ತೈದನೇ ನಿಮಿಷ.

"ದುರ್ಮುಷ್ ಅಬಿ, ಒಂದ್ ಗಳಿಗೆ ಕೆಳಗೆ ಬಾ."

"ಯಾಕೋ, ಹುಲ್ಲಿಗೆ ಜ್ವರ ಬಂತಾ?" ಸುತ್ತಲಿನವರು ಗೊಳ್ಳೆಂದರು.

ರೆಫಿಕ್ ಅವನ ಕಿವಿಗೆ ಬಾಯಿಟ್ಟ. "ಜೋರಾಗಿ ಹೇಳಂಗಿಲ್ಲ ಅಬಿ. ಮೇಲ್ಮಾಳಿಗೆ ಕುಸೀತಾ ಇದೆ." ಸುರಂಗದ ಛಾವಣಿಯ ಬಗ್ಗೆ ಗಣಿಯವರು ಆಡುವ ಮಾತು ಅದು. ತಮಾಷೆಗೆ ಯಾರೂ ಆಡುವುದಿಲ್ಲ. ದುರ್ಮುಷನ ನಗು ಮುಖದಲ್ಲೇ ಸತ್ತಿತು.

ಗ್ಯಾಲರಿಯ ಅಡಿ ಕತ್ತಲು. ದುರ್ಮುಷ್ ಕಂಬಕ್ಕೆ ಎರಡೂ ಅಂಗೈ ಒತ್ತಿ, ಕೆನ್ನೆ ತಾಗಿಸಿ, ಕಣ್ಣು ಮುಚ್ಚಿದ. ಮೇಲೆ ಡೋಲು ಬಡಿದಾಗಲೆಲ್ಲ ಬಿರುಕಿನಿಂದ ಪುಡಿ ಉದುರಿ ಅವನ ಮೀಸೆಯ ಮೇಲೆ ಕೂತಿತು. ಅಂಗೈಯಗಲದ ಹೆಕ್ಕಳಿಕೆಯೊಂದು ಕಳಚಿ ಇಬ್ಬರ ಕಾಲ ನಡುವೆ ಬಿತ್ತು. ಒಳಗಿನ ಕಬ್ಬಿಣ ಕಂಡಿತು. ಕಬ್ಬಿಣವೇ ಅದು? ಒಣಗಿದ ಬೇರಿನಂತೆ ಸವೆದಿತ್ತು.

"ಗಣೀಲಿ ಮರದ ಕಂಬ ಆದ್ರೆ ಬೀಳೋ ಮುಂಚೆ ಅಳುತ್ತೆ," ಎಂದ ದುರ್ಮುಷ್. "ಓಡೋಕೆ ಟೈಮು ಕೊಡುತ್ತೆ. ಈ ಬೇವರ್ಸಿ ಅಳೋದೂ ಇಲ್ಲ."

"ಹೇಗೆ ಅಬಿ ಇಳಿಸೋದು? ಬೀಳುತ್ತೆ ಅಂದ್ರೆ ಒಬ್ರ ಮೇಲೊಬ್ರು ಬಿದ್ದು ತುಳ್ಕೊಂಡೇ ಸಾಯ್ತಾರೆ."

"ಬಾಯ್ ಮುಚ್ಚು, ಯೋಚ್ನೆ ಮಾಡ್ತಿದೀನಿ. ನೀನು ಹೋಗಿ ಮೈದಾನದ ಕಡೆ ಬೇಲಿಯ ಬಾಗಿಲೆಲ್ಲ ತೆಗಿ."

ನಾಲ್ಕು ಬಾಗಿಲು. ರೆಫಿಕ್ ಒಂದೊಂದೇ ಬೀಗ ತೆಗೆಯುತ್ತ ಓಡಿದ. ಮೂರನೆಯದು ತೆರೆಯುವಾಗ ಗಡಿಯಾರದಲ್ಲಿ ಅರವತ್ತೈದು. ಮೇಲೆ ಜನ ಆಗಲೇ ಏಳತೊಡಗಿದ್ದರು, ಭುಜಕ್ಕೆ ಭುಜ ಹೆಣೆಯುತ್ತಿದ್ದರು. ಡೋಲಿನವನು ಕೋಲು ಎತ್ತಿದ್ದ.

ದುರ್ಮುಷ್ ಪೀಪಾಯಿ ಹತ್ತಿ ಮೈಕು ಹಿಡಿದ.

"ಕೂತ್ಕೊಳ್ರೋ!"

ಯಾರೋ ನಕ್ಕರು. ಯಾರೋ ಸಿಳ್ಳೆ ಹಾಕಿದರು.

"ನಗ್ಬೇಡ್ರೋ. ಇವತ್ತು ಕುಣಿಯೋದಿಲ್ಲ. ಗಣಿಗೆ ಇಳಿದು ಮೇಲೆ ಬರದೇ ಹೋದೋರ ಹೆಸರಲ್ಲಿ ಕೂತ್ಕೊಳ್ರಿ."

ಆ ಊರಲ್ಲಿ ಅಂಥವರೊಬ್ಬರಿಲ್ಲದ ಮನೆಯಿಲ್ಲ. ಸಾಲು ಸಾಲಾಗಿ ಕೂತರು. ಡೋಲು ಕೆಳಗಿಳಿಯಿತು. ರೆಫಿಕ್ ನಾಲ್ಕನೆಯ ಬಾಗಿಲನ್ನೂ ತೆರೆದ.

"ಈಗ ಪಾಳಿ ಮುಗೀತು," ಎಂದ ದುರ್ಮುಷ್, ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ಪಾಳಿ ಮುಗಿಸಿ ಹೆಂಗೆ ಹೊರಗೆ ಬರ್ತೀವೋ ಹಂಗೆ ಮೈದಾನಕ್ಕೆ ಬರ್ರಿ. ಗಣಿಬಾಯಿಗೆ ಹತ್ತಿರ ಇರೋರು ಮೊದಲು. ಮುಂದಿನೋನ ಹೆಗಲ ಮೇಲೆ ಕೈ. ಮಾತಿಲ್ಲ. ಓಟ ಇಲ್ಲ."

ಮುಂದಿನ ಸಾಲಿನ ಮುದುಕರಿಗೆ ಅಷ್ಟೇ ಸಾಕಿತ್ತು. ಏನೋ ಆಗಿದೆಯೆಂದು ತಿಳಿದೂ ಕೇಳದೆ ಎದ್ದರು. ಅವರನ್ನು ನೋಡಿ ಹಿಂದಿನವರು ಎದ್ದರು. ಹೆಗಲ ಮೇಲೆ ಕೈಯಿಟ್ಟ ಉದ್ದನೆಯ ಸರಪಳಿಗಳು ಹಸಿರು ಹುಲ್ಲಿನ ಮೇಲೆ ಇಳಿದುಬಂದವು. ರೆಫರಿ ಸೀಟಿ ಊದುತ್ತಲೇ ಇದ್ದ. ಎದುರಾಳಿ ಆಟಗಾರರು ಹೆದರಿ ಓಡಿದರು. ನೆಜಾತ್ ಬೇ ತಲೆ ಚಚ್ಚಿಕೊಳ್ಳುತ್ತ ಬಂದ. ಕೊನೆಯ ಸಾಲು ಇಳಿದಾಗ ಅರವತ್ತೇಳು ಯಾವಾಗಲೋ ದಾಟಿತ್ತು.

ಮೂರು ಸಾವಿರ ಜನ ಮೈದಾನದಲ್ಲಿ ನಿಂತು ಖಾಲಿ ಗ್ಯಾಲರಿಯನ್ನು ನೋಡಿದರು. ಐದು ನಿಮಿಷ. ಹತ್ತು ನಿಮಿಷ. ಅದು ಗೂಳಿಯ ಹಾಗೆ ನಿಂತೇ ಇತ್ತು.

"ಏನೋ ರೆಫಿಕ್," ಎಂದ ಒಬ್ಬ, "ಬೀಳೋಕೆ ಮುಹೂರ್ತ ಇಟ್ಟಿದೀಯಾ?"

ಮೂರು–ಸೊನ್ನೆ ಸೋಲು ಎಂದು ಮಾರನೆಯ ದಿನ ಕಾಗದ ಬಂತು. ಮೇಲಿನ ಲೀಗು ಹೋಯಿತು. ಎಂಜಿನಿಯರುಗಳು ಬಂದು ಫೋಟೋ ಹೊಡೆದು, ವರದಿ ಕಳಿಸುತ್ತೇವೆಂದು ಹೋದರು. ಚಹಾದಂಗಡಿಯಲ್ಲಿ ರೆಫಿಕ್ ಕೂತರೆ ಪಕ್ಕದ ಮೇಜು ಖಾಲಿಯಾಗುತ್ತಿತ್ತು. ದುರ್ಮುಷನ ಪೀಪಾಯಿಯನ್ನು ಯಾರೋ ಹೊಳೆಗೆ ಉರುಳಿಸಿದ್ದರು.

ರೆಫಿಕನಿಗೆ ನಿದ್ದೆ ಹಾರಿಹೋಗಿತ್ತು. ಆದರೆ ಈಗಿನ ಭಯ ಮೊದಲಿನದಲ್ಲ. ದಿನವೂ ಬೆಳಕು ಹರಿಯುತ್ತಲೇ ಎದ್ದು ಮೈದಾನಕ್ಕೆ ಓಡುತ್ತಿದ್ದ. ತಿರುವು ದಾಟಿ, ಗ್ಯಾಲರಿ ಇನ್ನೂ ನಿಂತಿರುವುದು ಕಂಡೊಡನೆ ಅವನಿಗಾಗುತ್ತಿದ್ದುದು ಸಮಾಧಾನವಲ್ಲ, ನಿರಾಸೆ. ಅಪ್ಪ ಬುಟ್ಟಿ ಹೊತ್ತು ಕಟ್ಟಿದ್ದು ಬೀಳಲೆಂದು ಮಗ ಹರಕೆ ಹೊತ್ತಂತೆ ಕಾಯುತ್ತಿದ್ದಾನೆ! ಎಂಥ ಮನುಷ್ಯನಾದೆ ನಾನು ಎಂದುಕೊಂಡ.

ನಾಲ್ಕನೆಯ ದಿನ ಮೈದಾನದಲ್ಲಿ ಅವನಿಗಿಂತ ಮೊದಲೇ ಯಾರೋ ನಿಂತಿದ್ದರು. ದುರ್ಮುಷ್. ಜೀವಮಾನವೆಲ್ಲ ಬೆನ್ನು ಹಾಕಿದ್ದ ಮೈದಾನದ ನಟ್ಟನಡುವೆ, ಗ್ಯಾಲರಿಗೆ ಮುಖ ಮಾಡಿ.

"ಇಷ್ಟು ಬೇಗ ಯಾಕೆ ಅಬಿ ಬಂದೆ?"

ಮುದುಕ ತಲೆ ತಗ್ಗಿಸಿದ. "ನೀನ್ಯಾಕೆ ಬಂದ್ಯೋ ಅದಕ್ಕೇ."

ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾಗದೆ ಗ್ಯಾಲರಿಯನ್ನೇ ನೋಡುತ್ತ ನಿಂತರು.